ಮತ್ರಾದಲ್ಲಿ ಲೂರ್ಡ್ಸಿನ ದಾರಿ

ಇಸಾಬೆಲ್ಲಾ ಬಾಯಿಯ ಬಗ್ಗೆ ಮಸ್ಕತ್ತಿನ ಹಮ್ರಿಯಾದಲ್ಲಿ ಯಾರನ್ನು ಬೇಕಾದರೂ ಕೇಳಿ, ಮೊದಲು ಅವರ ಗಂಟಲಿನ ಸುದ್ದಿ ಹೇಳುತ್ತಾರೆ. ನಮ್ಮ ಬೀದಿ ತಿರುವಿನ ಕ್ಲಿನಿಕ್ಕಿನಲ್ಲಿ ರಿಸೆಪ್ಶನ್ ಮೇಜಿನ ಹಿಂದೆ ಅವರು ಒಂದು ಆಯುಷ್ಯವನ್ನೇ ಕಳೆದವರು. ಮಲಯಾಳಿಗೆ ಮಲಯಾಳದಲ್ಲಿ, ಪಠಾಣನಿಗೆ ಹಿಂದಿಯಲ್ಲಿ, ಒಮಾನಿಗೆ ಅರಬಿಯಲ್ಲಿ, ನಮ್ಮೂರಿನವರು ಸಿಕ್ಕಿದರೆ ತುಳುವಿನಲ್ಲಿ ಬೈಯುತ್ತಿದ್ದರು. "ಟೋಕನ್ ಇಲ್ಲದೆ ಬಾಗಿಲು ದೂಡಿದ್ರೆ ಖಲಾಸ್, ನಾಳೆ ಬಂದ್ರೂ ನಿಮ್ಮ ಹೆಸರು ಕರೆಯುದಿಲ್ಲ!" ಶುಗರಿನವರು ಬಂದರಂತೂ ಡಾಕ್ಟರು ಬಾಯಿ ತೆರೆಯುವ ಮೊದಲೇ ಇವರದ್ದು ಶುರು. ಕಾಲು ಜೋಪಾನ, ಬರಿಗಾಲಲ್ಲಿ ಬಚ್ಚಲಿಗೂ ಹೋಗಬೇಡಿ, ಸಣ್ಣ ಗಾಯ ಆದರೂ ಓಡಿ ಬನ್ನಿ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಕಲಗಚ್ಚಿನ ಬಾನಿಗೆ ಬಿತ್ತು ಎಂಬ ಗಾದೆಯನ್ನು ಯಾರಾದರೂ ಈಗ ನನ್ನೆದುರು ಹೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ.

ನಾನು ಕುಸುಮ. ರೂವಿಯ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತೇನೆ. ನನ್ನ ಬಾಗಿಲು, ಅವರ ಬಾಗಿಲು ಎದುರುಬದುರು. ನಮ್ಮ ಕಡೆ ಕ್ರಿಸ್ತುವರ ಹೆಂಗಸರನ್ನು ಬಾಯಮ್ಮ ಎನ್ನುವುದು, ಗಂಡಸರನ್ನು ಪೊರ್ಬು ಎನ್ನುವುದು ರೂಢಿ. ಹಾಗಾಗಿ ಅವರು ನನಗೆ ಬಾಯಮ್ಮ, ಅವರ ಗಂಡ ಟೆರೆನ್ಸ್ ನನಗೆ ಪೊರ್ಬು. ಇಬ್ಬರೂ ಕಿನ್ನಿಗೋಳಿ ಕಡೆಯವರು. ಪೊರ್ಬು ವಾದಿ ಕಬೀರಿನ ಒಂದು ಸ್ಪೇರ್‌ಪಾರ್ಟ್ಸ್ ಕಂಪನಿಯಲ್ಲಿ ಸ್ಟೋರ್‌ಕೀಪರ್. ಮನೆಯಲ್ಲಿ ಮಾತಾಡಲು ಅವರಿಗೆ ಸರದಿ ಬರುತ್ತಿದ್ದದ್ದು ಕಡಿಮೆ. ನಾನು ಹೊಸದಾಗಿ ಬಂದು ಜ್ವರದಲ್ಲಿ ಬಿದ್ದಿದ್ದಾಗ ಇದೇ ಬಾಯಮ್ಮ ಮೂರು ಹೊತ್ತು ಗಂಜಿ ತಂದಿಟ್ಟು, ಕುಡಿಯುವವರೆಗೂ ನಿಂತು ಬೈದಿದ್ದರು. ನನ್ನ ತಾಯಿ ಕೂಡ ನನಗೆ ಅಷ್ಟು ಬೈದಿಲ್ಲ. ಕ್ರಿಸ್ಮಸ್ಸಿಗೆ ಕುಸ್ವಾರಿನ ತಿಂಡಿಗಳ ತಟ್ಟೆ ಮೊದಲು ಬರುತ್ತಿದ್ದದ್ದು ನಮ್ಮ ಮನೆಗೇ. ಬರುವಾಗಲೂ "ಮೆಟ್ಟಿಲ ಮೇಲೆ ಕಸದ ಚೀಲ ಇಡುದು ಯಾವಾಗ ಬಿಡ್ತಿ ನೀನು?" ಎಂಬ ಪ್ರಶ್ನೆ ಅದರ ಜೊತೆಗೇ ಬರುತ್ತಿತ್ತು.

ಅವರಿಗೆ ಒಬ್ಬಳೇ ಮಗಳು, ಜೊವಿಟಾ. ಗಂಡನ ಜೊತೆ ಮಸ್ಕತ್ತಿನಲ್ಲೇ, ಅಲ್ ಹೈಲ್‌ನಲ್ಲಿದ್ದಾಳೆ. ಅವಳ ಮಗು ಡೀನಾ ಏಳನೇ ತಿಂಗಳಿಗೇ ಹುಟ್ಟಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದಾಗ ಬಾಯಮ್ಮ ಇಗರ್ಜಿಗೆ ಹೋಗಿ ಮೊಣಕಾಲೂರಿ ಹರಕೆ ಹೇಳಿಕೊಂಡರು. ಮಗು ಉಳಿದರೆ ಫ್ರಾನ್ಸಿನ ಲೂರ್ಡ್ಸಿಗೆ ಬರುತ್ತೇನೆ, ಮೇರಿ ಮಾತೆಯನ್ನು ಕಂಡ ಆ ಬಡ ಹುಡುಗಿ ಹುಟ್ಟಿದ ಮನೆಯಿಂದ ಗುಹೆಯವರೆಗೆ ಬರಿಗಾಲಲ್ಲಿ ನಡೆಯುತ್ತೇನೆ ಎಂದು. ಮಗು ಉಳಿಯಿತು. ಗುಂಡುಗುಂಡಗಾಗಿ ಬೆಳೆಯಿತು. ಈಗ ಶಾಲೆಗೆ ಹೋಗುತ್ತದೆ, ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತದೆ. ಹರಕೆ ಮಾತ್ರ ಬಾಕಿ ಉಳಿಯಿತು. ಒಂದು ವರ್ಷ ರಜೆ ಸಿಗಲಿಲ್ಲ, ಒಂದು ವರ್ಷ ವೀಸಾ ಸಿಗಲಿಲ್ಲ, ಇನ್ನೊಂದು ವರ್ಷ ಪೊರ್ಬುಗಳಿಗೆ ಹರ್ನಿಯಾ ಆಪರೇಶನ್. ಡೀನಾಳಿಗೆ ಒಂದು ಸೀನು ಬಂದರೂ ಬಾಯಮ್ಮನ ಮುಖ ಕಪ್ಪಿಡುತ್ತಿತ್ತು. "ಹರಕೆ ಬಾಕಿ ಉಂಟಲ್ಲ ಕುಸುಮಾ. ಕೊಟ್ಟವಳು ಕೇಳುದಿಲ್ವಾ?"

ನಗಬೇಡಿ. ನಮ್ಮಲ್ಲಿಯೂ ಹಾಗೇ. ದೈವಕ್ಕೆ ಹೇಳಿದ ಹರಕೆ ತೀರಿಸದಿದ್ದರೆ ಅದು ಮನೆಯ ಮಕ್ಕಳ ಮೇಲೆ ಬರುತ್ತದೆ ಎಂದು ಕೇಳಿಯೇ ಬೆಳೆದವಳು ನಾನು. ಕೋಣೆಯಲ್ಲಿ ಎಷ್ಟೇ ಏಸಿ ಹಾಕಿಕೊಂಡು ಕೂತರೂ ಆ ಹೆದರಿಕೆ ಮೈಬಿಟ್ಟು ಹೋಗುವುದಿಲ್ಲ.

ಈ ವರ್ಷ ಹೋಗದಿದ್ದರೆ ಇನ್ನಿಲ್ಲ ಎಂಬ ಹಾಗಾಯಿತು. ಡಿಸೆಂಬರಿಗೆ ಪೊರ್ಬುಗಳ ಕೆಲಸ ಮುಗಿಯುತ್ತದೆ, ಇಬ್ಬರೂ ಊರಿಗೆ. ಊರು ಸೇರಿದ ಮೇಲೆ ಯಾರು ಫ್ರಾನ್ಸಿಗೆ ಕರೆದುಕೊಂಡು ಹೋಗುತ್ತಾರೆ? ಅಕ್ಟೋಬರಿನಲ್ಲಿ ಇಗರ್ಜಿಯವರ ಒಂದು ಗುಂಪು ಲೂರ್ಡ್ಸಿಗೆ ಹೊರಟಿತ್ತು. ಬಾಯಮ್ಮ ಹೆಸರು ಕೊಟ್ಟರು. ಆವತ್ತು ಸಂಜೆ ನನ್ನ ಅಡುಗೆಮನೆಗೆ ಬಂದು ಮೊಬೈಲಿನಲ್ಲಿ ಒಂದು ವಿಡಿಯೋ ಹಾಕಿ ತೋರಿಸಿದರು. ಯಾರೋ ಆ ದಾರಿಯಲ್ಲಿ ನಡೆಯುತ್ತಾ ತೆಗೆದದ್ದು. ಹುಡುಗಿ ಹುಟ್ಟಿದ ಹಿಟ್ಟಿನ ಗಿರಣಿ. ಆಮೇಲೆ ಬಡತನ ಬಂದಾಗ ಮನೆಮಂದಿಯೆಲ್ಲ ಇದ್ದ ಒಂದೇ ಕೋಣೆ, ಅದು ಮೊದಲು ಜೈಲಾಗಿತ್ತಂತೆ. ತಲೆಯ ಮೇಲೆ ಬಂಡೆ, ಬಂಡೆಯ ಮೇಲೆ ಹಳೆಯ ಕೋಟೆ. ಕೆಳಗಿಳಿದರೆ ಹೊಳೆ, ಹೊಳೆಯ ಬದಿಯಲ್ಲಿ ಗುಹೆ.

"ಇಷ್ಟೇಯಾ ಬಾಯಮ್ಮ?" ಎಂದೆ. "ನಾನು ಮೀನಿಗೆ ಹೋಗಿ ಬರುವಷ್ಟು ದೂರವೂ ಇಲ್ಲ ಇದು."

"ದೂರ ಅಲ್ಲ ಮಾರಾಯ್ತಿ. ಕಲ್ಲು ನೋಡು, ಕಲ್ಲು. ಹಳೇ ಊರಿನ ದಾರಿ. ಇಲ್ಲಿಗೆ ಬಂದ ಮೇಲೆ ನನ್ನ ಕಾಲು ಮಣ್ಣು ಕಂಡದ್ದುಂಟಾ? ಅಲ್ಲಿ ಹೋಗಿ ಅರ್ಧ ದಾರಿಯಲ್ಲಿ ಕೂತ್ರೆ ಮರ್ಯಾದೆ ಎಂತ ಉಳಿತದೆ?"

ಅದಕ್ಕೇ ಅಭ್ಯಾಸ. ಇಲ್ಲಿಯ ಹಳೆ ಬಂದರು ಮತ್ರಾದ ಕಡಲಬದಿಯಲ್ಲಿ ಅವರೇ ಒಂದು ಲೂರ್ಡ್ಸ್ ಕಟ್ಟಿಕೊಂಡರು. ಮೀನು ಮಾರ್ಕೆಟ್ಟೇ ಗಿರಣಿ. ಸೂಕ್ ಎನ್ನುವ ಹಳೆ ಬಜಾರಿನ ಬಾಗಿಲು ಆ ಒಂದು ಕೋಣೆಯ ಮನೆ. ಕೋಟೆಗೆ ಕೋಟೆ ಅಲ್ಲೇ ಗುಡ್ಡದ ಮೇಲೆ ಸಿದ್ಧವಿತ್ತು. ಅದನ್ನು ದಾಟಿ ಮುಂದೆ ರಿಯಾಮಿನಲ್ಲಿ ಗುಡ್ಡದ ಮೇಲಿರುವ ಧೂಪದಾನಿಯ ಆಕಾರದ ದೊಡ್ಡ ಬಿಳಿ ಕಟ್ಟಡ ಕಾಣುತ್ತದಲ್ಲ, ಅದು ಗುಹೆ. ಬೇಸಗೆ ಏರುವ ಮೊದಲು ಶುರು ಮಾಡಿದರು. ಸಂಜೆ ಕ್ಲಿನಿಕ್ ಮುಗಿಸಿ ಬಂದು ನನ್ನ ಬಾಗಿಲು ತಟ್ಟುವುದು, "ಯಲ್ಲಾ, ನಡಿ" ಎನ್ನುವುದು. ಮೀನು ಮಾರ್ಕೆಟ್ಟಿನ ಹತ್ತಿರ ಚಪ್ಪಲಿ ಕಳಚಿ ಚೀಲಕ್ಕೆ ಹಾಕುವುದು. ನಾನು ಶೂ ಹಾಕಿಕೊಂಡು ಪಕ್ಕದಲ್ಲಿ. ಸೂಕಿನ ಅಂಗಡಿಯವರು ಕರೆದು ಶಾಲು ತೋರಿಸಿದರೆ "ನಾಳೆ, ನಾಳೆ" ಎಂದು ಕೈಯಾಡಿಸಿ ಮತ್ತೆ ಜಪಮಾಲೆಗೆ ಮರಳುತ್ತಿದ್ದರು. ಹಡಗಿನಿಂದ ಇಳಿದ ಬಿಳಿಯರು ಇವರ ಕಾಲು ನೋಡಿ ಪರಸ್ಪರ ಮುಖ ನೋಡಿಕೊಳ್ಳುತ್ತಿದ್ದರು. "ಇವರು ಫ್ರೆಂಚಿನವರೇ ಇರಬೇಕು. ಇವರ ಊರಿಗೇ ಹೋಗ್ತಿದ್ದೇನೆ ಹೇಳಿ ಗೊತ್ತಾದ್ರೆ!" ಎಂದು ಬಾಯಮ್ಮನಿಗೆ ನಗು. ನಿಜ ಹೇಳಬೇಕೆಂದರೆ ಆ ಸಂಜೆಗಳು ಚೆನ್ನಾಗಿದ್ದವು.

ಮೇ ತಿಂಗಳ ಒಂದು ಸಂಜೆ. ಮಗ್ರಿಬ್ ಬಾಂಗು ಆಗಿತ್ತು, ಬಿಸಿಲು ಹೋಗಿತ್ತು, ಕಲ್ಲಿನ ಬಿಸಿ ಹೋಗಿರಲಿಲ್ಲ. ಅವರೊಬ್ಬರೇ ಬರಿಗಾಲಲ್ಲಿ ನಡೆಯುತ್ತಾರಲ್ಲ ಎಂದು ನಾನೂ ಶೂ ಕಳಚಿ ಒಂದು ಹೆಜ್ಜೆ ಇಟ್ಟೆ. ಅಯ್ಯಮ್ಮಾ! ದೋಸೆ ಕಾವಲಿಯ ಮೇಲೆ ಕಾಲಿಟ್ಟ ಹಾಗಾಯಿತು. ಹಾರಿ ಬಿದ್ದು ಮತ್ತೆ ಶೂ ಹಾಕಿಕೊಂಡೆ. ಬಾಯಮ್ಮ ತಮ್ಮಷ್ಟಕ್ಕೆ ನಡೆಯುತ್ತಲೇ ಇದ್ದರು.

"ಬಾಯಮ್ಮ, ನಿಮಗೆ ಸುಡುದಿಲ್ವಾ?"

"ಇಲ್ವಲ್ಲ! ಒಂದು ವಾರದಿಂದ ನೋಡ್ತಾ ಇದ್ದೇನೆ. ಎಂತ ಬಿಸಿಯೂ ಇಲ್ಲ. ಹತ್ತಿಯ ಮೇಲೆ ನಡೆದ ಹಾಗೆ." ಅವರ ಮುಖದಲ್ಲಿ ನಾನು ಯಾವತ್ತೂ ಕಾಣದ ಒಂದು ಕಳೆ. "ಅಮ್ಮ ಹಿಡ್ಕೊಂಡಿದ್ದಾಳೆ ಕುಸುಮಾ. ಹರಕೆ ಒಪ್ಪಿಗೆ ಆಗಿದೆ."

ನನಗೆ ಸಿಟ್ಟು ನೆತ್ತಿಗೇರಿತು. "ನಿಮಗೆ ಶುಗರ್ ಉಂಟು. ಕಾಲು ಜುಂ ಅಂತದೆ ಹೇಳಿ ಚಳಿಗಾಲದಲ್ಲಿ ನೀವೇ ಹೇಳಿದ್ದು. ಅದು ಮರಗಟ್ಟಿದ್ದು ಬಾಯಮ್ಮ! ನಾಳೆಯೇ ಡಾಕ್ಟರಿಗೆ ತೋರಿಸಿ. ದಿನವಿಡೀ ಡಾಕ್ಟರ ಬಾಗಿಲಲ್ಲೇ ಕೂರುವವರು ನೀವು!"

ಅವರು ನಿಂತರು. ಬೈಯಲಿಲ್ಲ, ಅದೇ ವಿಚಿತ್ರ. ಮೆಲ್ಲಗೆ ಕೇಳಿದರು: "ನಿಮ್ಮಲ್ಲಿ ಕೆಂಡ ಹಾಯ್ತಾರಲ್ಲ, ಅವರ ಕಾಲು ಸುಡ್ತದಾ?"

ನಮ್ಮ ಮಾವ ಪ್ರತಿ ವರ್ಷ ಕೆಂಡಸೇವೆ ಮಾಡಿದವರು. ಕಾಲಿಗೆ ಒಂದು ಗುಳ್ಳೆ ಎದ್ದದ್ದನ್ನು ನಾನು ನೋಡಿಲ್ಲ. ದೈವದ ಕಾರಣಿಕ, ದೈವದ ಮಹಿಮೆ ಎಂದು ನಾನೇ ಎಷ್ಟೋ ಸಲ ಈ ಬಾಯಮ್ಮನಿಗೆ ಕೊಚ್ಚಿಕೊಂಡಿದ್ದೆ. ಈಗ ನನ್ನ ಮಾತನ್ನೇ ತೆಗೆದು ನನ್ನ ಬಾಯಿಗೆ ತುರುಕಿದರು. ನಿನ್ನ ದೈವದ್ದು ಕಾರಣಿಕ, ನನ್ನ ಅಮ್ಮನದ್ದು ಶುಗರಾ ಎಂದು ಕೇಳಿದ ಹಾಗಾಯಿತು. ಆದರೂ ಬಿಡದೆ ಪೊರ್ಬುಗಳಿಗೆ ಹೇಳಿದೆ. ಅವರು ತಲೆ ಕೆರೆದುಕೊಂಡು, "ಅವಳಿಗೆ ನಾನು ಹೇಳುದಾ?" ಎಂದರು.

ಪ್ರಾರ್ಥನಾ ಕೂಟದ ಸೆವ್ರಿನ್ ಬಾಯಿ ಎಂಬವರಿಗೆ ಸುದ್ದಿ ಸಿಕ್ಕಿತು. ಸಿಕ್ಕಿದ ಮೇಲೆ ಕೇಳಬೇಕೇ? ಇಲ್ಲಿ ವಾರದ ರಜೆ ಶುಕ್ರವಾರ, ದೊಡ್ಡ ಪೂಜೆಯೂ ಆವತ್ತೇ. ಮುಂದಿನ ಶುಕ್ರವಾರದ ಪೂಜೆ ಮುಗಿಯುವಷ್ಟರಲ್ಲಿ ಇಡೀ ಇಗರ್ಜಿಗೆ ಗೊತ್ತಾಯಿತು, ಇಸಾಬೆಲ್ಲಾಳ ಕಾಲಿಗೆ ಮಸ್ಕತ್ತಿನ ಕಲ್ಲು ಸುಡುವುದಿಲ್ಲ ಎಂದು. ಹೆಂಗಸರು ಬಂದು ಅವರ ಕೈ ಹಿಡಿದು ತಮ್ಮ ಮಕ್ಕಳಿಗಾಗಿ ಬೇಡಿಕೊಳ್ಳಲು ಹೇಳುತ್ತಿದ್ದರಂತೆ. ಜೀವಮಾನವಿಡೀ ಟೋಕನ್ ಕೊಟ್ಟು ಜನರನ್ನು ಬೈಯುತ್ತಾ ಕಳೆದವರಿಗೆ ಈಗ ಇಂಥ ಮರ್ಯಾದೆ. ಇನ್ನು ಅವರು ನನ್ನ ಮಾತು ಕೇಳುತ್ತಾರೆಯೇ?

ಜೂನಿನಲ್ಲಿ ಸೆಕೆ ಏರಿದಾಗ ಸಂಜೆಯ ನಡಿಗೆಯನ್ನು ನಿಲ್ಲಿಸಿ ಎಂದು ನಾನು ಹಟ ಹಿಡಿದೆ. ಸೆಪ್ಟೆಂಬರಿನಲ್ಲಿ ಮತ್ತೆ ನಡೆಯುವಾ ಎಂದು ಒಪ್ಪಿದರು. ಒಪ್ಪಿದ್ದು ಬಾಯಿಮಾತಿಗೆ. ಒಂದು ಗುರುವಾರ ರಾತ್ರಿ ಜೊವಿಟಾ ಫೋನ್ ಮಾಡಿದಳು, ಡೀನಾಳಿಗೆ ಜ್ವರ, ಇಳಿಯುತ್ತಲೇ ಇಲ್ಲ ಎಂದು. ಶುಕ್ರವಾರ ಬಾಯಮ್ಮ ಬೆಳಗಿನ ಪೂಜೆಗೆ ಹೋದವರು ಮನೆಗೆ ಬರಲಿಲ್ಲ. ಟ್ಯಾಕ್ಸಿ ಹಿಡಿದು ನೇರ ಮತ್ರಾಕ್ಕೆ ಹೋದರು. ಆ ಹೊತ್ತಿಗೆ ಕಡಲಬದಿಯಲ್ಲಿ ಒಂದು ನಾಯಿಯೂ ಇರುವುದಿಲ್ಲ. ಆ ಬಿಸಿಲಿನಲ್ಲಿ, ಆ ಕಲ್ಲಿನ ಮೇಲೆ, ಮೀನು ಮಾರ್ಕೆಟ್ಟಿನಿಂದ ಧೂಪದಾನಿಯ ಬುಡದವರೆಗೆ ಪೂರ್ತಿ ನಡೆದರು. ಒಂದು ಸಲವೂ ಕೂರಲಿಲ್ಲವಂತೆ. ಕಾಲಿಗೆ ಏನೂ ಗೊತ್ತಾಗಲಿಲ್ಲವಂತೆ.

ಮನೆಗೆ ಬಂದು ಚಪ್ಪಲಿ ಕಳಚಿ ಒಳಗೆ ನಡೆದಾಗ ಟೈಲ್ಸಿನ ಮೇಲೆ ಒದ್ದೆ ಹೆಜ್ಜೆ ಮೂಡಿತ್ತು. ಕಾಲು ತೊಳೆದು ಬಂದಿರಬೇಕು ಎಂದುಕೊಂಡು ಪೊರ್ಬು ಬಟ್ಟೆ ತಂದು ಒರೆಸಿದರು. ಅದು ನೀರಲ್ಲ, ಅಂಗಾಲಿನ ಗುಳ್ಳೆಗಳು ಒಡೆದು ಹರಿದದ್ದು. ಈಗಲೂ ಆ ಮನುಷ್ಯ ಆ ಜಾಗವನ್ನು ದಾಟುವಾಗ ಸುತ್ತಿ ಹೋಗುತ್ತಾರೆ.

ಮತ್ತೆ ಆ ಸಂಜೆಯೇ ಡೀನಾಳ ಜ್ವರ ಇಳಿಯಿತು. ಇಳಿಯಲೇಬೇಕಿತ್ತೇ ಅದು, ಅದೇ ದಿನ? ಒಂದು ದಿನ ತಡವಾಗಿ ಇಳಿದಿದ್ದರೆ ಯಾರ ಗಂಟು ಹೋಗುತ್ತಿತ್ತು? ಬಾಯಮ್ಮ ನನಗೆ ಫೋನ್ ಮಾಡಿ, "ನೋಡಿದ್ಯಾ? ಈಗ ಹೇಳು ಶುಗರ್ ಅಂತ" ಎಂದರು. ಆ ನಡಿಗೆಯ ಸುದ್ದಿ ನನಗಿನ್ನೂ ಗೊತ್ತಿರಲಿಲ್ಲ, ಯಾವುದರ ಬಗ್ಗೆ ಹೇಳುತ್ತಿದ್ದಾರೆಂದು ತಿಳಿಯಲಿಲ್ಲ. ಮಗು ಹುಷಾರಾಯಿತಲ್ಲ ಎಂದು ನಾನೂ ಖುಷಿಪಟ್ಟೆ.

ಗಾಯಕ್ಕೆ ಅರಸಿನ ಹಚ್ಚಿ, ಮೇಲೆ ಸಾಕ್ಸ್ ಹಾಕಿಕೊಂಡು ಅವರು ಕೆಲಸಕ್ಕೆ ಹೋಗುತ್ತಲೇ ಇದ್ದರು. ನೋವಿಲ್ಲದಿದ್ದರೆ ಯಾರು ನೋಡುತ್ತಾರೆ? ಹರಕೆಯ ಗಾಯ, ತಾನಾಗಿ ಮಾಯುತ್ತದೆ ಎಂಬ ಧೈರ್ಯ ಬೇರೆ. ಆಮೇಲೊಂದು ದಿನ ಲಿಫ್ಟಿನಲ್ಲಿ ನಾವಿಬ್ಬರೇ ಇದ್ದೆವು. ಒಂದು ವಾಸನೆ ಬಂತು. ಯಾರೋ ಒಣಮೀನು ತಂದಿದ್ದಾರೆ ಎಂದುಕೊಂಡೆ. ಬಾಗಿಲು ತೆರೆದು ಅವರು ಹೊರಗೆ ಹೋದರು, ವಾಸನೆಯೂ ಅವರ ಜೊತೆಗೇ ಹೋಯಿತು. ನಾನು ಹಿಂದಿನಿಂದ ಹೋಗಿ, ಕುರ್ಚಿಯಲ್ಲಿ ಕೂರಿಸಿ, ಬೇಡ ಬೇಡ ಎಂದರೂ ಕೇಳದೆ ಸಾಕ್ಸ್ ಎಳೆದೆ. ಎಡಗಾಲಿನ ಬೆರಳುಗಳು ಕಪ್ಪಾಗಿದ್ದವು. ನಾನು ಕಿರುಚಿದ್ದು ಮೇಲಿನ ಮಹಡಿಯವರಿಗೂ ಕೇಳಿತಂತೆ.

ಆಸ್ಪತ್ರೆಯಲ್ಲಿ ಒಮಾನಿ ಡಾಕ್ಟರಮ್ಮ ಕಾಲನ್ನು ಪರೀಕ್ಷಿಸುತ್ತಾ ಹಿಂದಿಯಲ್ಲಿ ಕೇಳಿದರು, "ಅಮ್ಮಾ, ದರ್ದ್ ನಹೀ ಹುವಾ?" ನೋವೇ ಆಗಲಿಲ್ಲವಾ ಎಂದು. ಬಾಯಮ್ಮ "ನಹೀ" ಎಂದರು. ಆ ಹೊತ್ತಿನಲ್ಲೂ ಆ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು. ಡಾಕ್ಟರಮ್ಮ ಒಂದು ಸಣ್ಣ ಕಡ್ಡಿಯಿಂದ ಅವರ ಇನ್ನೊಂದು ಅಂಗಾಲನ್ನು ಅಲ್ಲಲ್ಲಿ ಮುಟ್ಟಿ, ಗೊತ್ತಾಗುತ್ತದಾ, ಗೊತ್ತಾಗುತ್ತದಾ ಎಂದು ಕೇಳುತ್ತಾ ಹೋದರು. ಬಾಯಮ್ಮ ಕಣ್ಣು ಮುಚ್ಚಿ ತುಂಬ ಹೊತ್ತು ಕಾದರು, ಒಂದಕ್ಕೂ ಹೂಂ ಎನ್ನಲಾಗಲಿಲ್ಲ. ಕ್ಲಿನಿಕ್ಕಿನಲ್ಲಿ ಡಾಕ್ಟರು ಆ ಪರೀಕ್ಷೆಯನ್ನು ಎಷ್ಟೋ ಜನರಿಗೆ ಮಾಡುವುದನ್ನು ಅವರು ನೋಡಿದ್ದಾರೆ. ಕಣ್ಣು ತೆರೆದಾಗ ಆ ಕಳೆ ಇರಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಮೊದಲು ಬೆರಳು ತೆಗೆದರು. ಆಮೇಲೆ ಪಾದ. ಅದೂ ಸಾಲದೆ ಜುಲೈ ಮುಗಿಯುವಾಗ ಎಡ ಮೊಣಕಾಲಿನ ಕೆಳಗೆ ಏನೂ ಉಳಿಯಲಿಲ್ಲ. ಜೊವಿಟಾ ಆಸ್ಪತ್ರೆಯ ವರಾಂಡದಲ್ಲಿ ಗೋಡೆಗೆ ಹಣೆ ಚಚ್ಚಿಕೊಂಡು, "ಯಾರು ಕೇಳಿದ್ದು ಇವರ ಹತ್ರ? ನಾನು ಕೇಳಿದ್ನಾ? ನನ್ನ ಮಗಳನ್ನು ಉಳಿಸಿದ್ದು ಡಾಕ್ಟರ್ಸ್, ಕುಸುಮಾಂಟಿ, ಡಾಕ್ಟರ್ಸ್!" ಎಂದು ಅತ್ತಳು. ಸೆವ್ರಿನ್ ಬಾಯಿ ಆ ಕಡೆ ತಲೆ ಹಾಕಲಿಲ್ಲ. ಪವಾಡ ಸಾರಲು ಬಾಯಿ ಉಂಟು, ಹಣ್ಣು ತಂದು ಕೊಡಲು ಕೈ ಇಲ್ಲ. ಥೂ.

ಮನೆಗೆ ಬಂದ ಮೇಲೆ ಬಾಯಮ್ಮ ಕಾಲಿಗಾಗಿ ಅತ್ತದ್ದನ್ನು ನಾನು ನೋಡಿಲ್ಲ. ಅವರಿಗೆ ಇದ್ದದ್ದು ಒಂದೇ ಚಿಂತೆ. ನಡೆಯುತ್ತೇನೆ ಎಂದು ಹೇಳಿದ್ದು, ಇನ್ನು ನಡೆಯುವುದು ಹೇಗೆ? ಹರಕೆ ತೀರದಿದ್ದರೆ ಡೀನಾಳ ಗತಿ ಏನು? ಗಾಲಿಕುರ್ಚಿಯಲ್ಲಿ ಹೋಗುವಾ, ಲೂರ್ಡ್ಸಿಗೆ ಹೋಗುವವರಲ್ಲಿ ಅರ್ಧ ಜನ ಗಾಲಿಕುರ್ಚಿಯವರೇ ಎಂದು ಪೊರ್ಬು ಅಂಗಲಾಚಿದರು. "ಕೂತು ಬರ್ತೇನೆ ಹೇಳಿದ್ನಾ ನಾನು?" ಎಂದು ಅವರ ಮೇಲೆ ಹಾಯ್ದರು. ನಾನು ನಡೆಯುತ್ತೇನೆ ನಿಮ್ಮ ಬದಲಿಗೆ ಎಂದೆ. "ನೀನು ಹೊತ್ತದ್ದಲ್ಲ ಅದು" ಎಂದರು. ದಿನಕ್ಕೆ ಹತ್ತು ಸಲ ಜೊವಿಟಾಳಿಗೆ ಫೋನ್ ಮಾಡಿ ಮಗು ಕೆಮ್ಮಿತಾ, ಬಿತ್ತಾ, ಊಟ ಮಾಡಿತಾ ಎಂದು ಕೇಳುತ್ತಿದ್ದರು. ಕೊನೆಗೆ ಅವಳು ಫೋನ್ ಎತ್ತುವುದನ್ನೇ ಕಡಿಮೆ ಮಾಡಿದಳು.

ಅಕ್ಟೋಬರಿನಲ್ಲಿ, ಲೂರ್ಡ್ಸಿನ ಗುಂಪು ಹೊರಡುವ ಹಿಂದಿನ ದಿನ ಮಧ್ಯಾಹ್ನ ಪೊರ್ಬು ಇಗರ್ಜಿಯಿಂದ ಫಾದರನ್ನು ಕರೆದುಕೊಂಡು ಬಂದರು. ನಮ್ಮ ಕಡೆಯವರೇ, ಚಿಕ್ಕ ಪ್ರಾಯ, ಒಳ್ಳೆಯ ಮನುಷ್ಯ. ನಾನು ಚಹಾ ಮಾಡಲು ಅಲ್ಲೇ ಇದ್ದೆ. ಕೊಂಕಣಿಯಲ್ಲಿ ಮಾತು. ನನಗೆ ಅರ್ಥವಾಗುತ್ತದೆ.

ಫಾದರ್ ಎಲ್ಲವನ್ನೂ ಕೇಳಿದರು. ಆಮೇಲೆ ಸಮಾಧಾನದಿಂದ ಹೇಳಿದರು: "ಬಾಯಿ, ಇದು ನೀವು ಸ್ವಂತವಾಗಿ ಹೇಳಿಕೊಂಡ ಹರಕೆ. ಇದನ್ನು ಬಿಡಿಸಿ ಕೊಡುವ ಅಧಿಕಾರ ನನಗೆ ಉಂಟು. ನಡೆಯುವ ಬದಲು ಒಂದು ಜಪಮಾಲೆ ಹೇಳಿ, ಸಾಕು. ಇವತ್ತೇ ಬಿಡಿಸ್ತೇನೆ."

ಬಾಯಮ್ಮ ಅವರನ್ನೇ ನೋಡಿದರು. "ಯಾವಾಗಿನಿಂದ ಉಂಟು?"

"ಯಾವುದು?"

"ಆ ಅಧಿಕಾರ."

"ಯಾವಾಗಲೂ ಉಂಟು ಬಾಯಿ. ನೀವು ಒಂದು ಮಾತು ಕೇಳಿದ್ದರೆ ಆವತ್ತೇ..." ಎಂದ ಫಾದರ್ ಅಲ್ಲಿಗೇ ನಿಲ್ಲಿಸಿದರು. ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತೆ. ಯಾರೂ ಕೇಳಿರಲಿಲ್ಲ. ಹರಕೆ ಎಂದರೆ ತೀರಿಸುವುದು ಎಂದು ಮಾತ್ರ ನಮಗೆಲ್ಲ ಗೊತ್ತು. ಬಿಡಿಸಿಕೊಳ್ಳಬಹುದೇ ಎಂದು ಕೇಳುವುದೇ ಪಾಪ ಎಂದುಕೊಂಡ ಜನ ನಾವು, ಅವರೂ, ನಾನೂ.

"ಬೇಡ ಫಾದರ್," ಎಂದರು ಬಾಯಮ್ಮ. "ಬಿಡಿಸಬೇಡಿ. ಜಪಮಾಲೆಗೆ ಮುಗಿಯುವಂಥದ್ದಾದರೆ ಈ ಕಾಲು ಎಲ್ಲಿಗೆ ಹೋಯ್ತು? ನೀವು ಒಂದೇ ಮಾತು ಹೇಳಿ. ನಡಿಗೆಯ ಬದಲಿಗೆ ಅಮ್ಮ ಕಾಲು ತಕೊಂಡಳು, ಇನ್ನು ಮಗುವಿನ ಮೇಲೆ ಏನೂ ಬಾಕಿ ಇಲ್ಲ, ಹಾಗೆ ಹೇಳಿ. ಸಾಕು ನನಗೆ."

ಫಾದರ್ ತಲೆ ತಗ್ಗಿಸಿದರು. "ಅಮ್ಮ ಯಾರ ಕಾಲನ್ನೂ ತಕೊಳ್ಳುದಿಲ್ಲ ಬಾಯಿ" ಎಂದರು.

ಸತ್ಯವೇ ಇರಬಹುದು. ಆದರೆ ಆ ಸತ್ಯವನ್ನು ಕಟ್ಟಿಕೊಂಡು ಆ ಹೆಂಗಸು ಏನು ಮಾಡಬೇಕು? ಒಂದು ಸುಳ್ಳು ಹೇಳಿದ್ದರೆ ಇವರ ನಿಲುವಂಗಿಗೆ ಮಸಿ ಹತ್ತುತ್ತಿತ್ತೇ? ನನಗೆ ತಡೆಯಲಿಲ್ಲ. ತಟ್ಟೆಯನ್ನು ಕೆಳಗಿಟ್ಟು ಮಂಚದ ಹತ್ತಿರ ಹೋಗಿ, ನಮ್ಮ ಊರಿನಲ್ಲಿ ದೈವ ಹರಕೆ ಒಪ್ಪಿಕೊಂಡು ಹೇಳುವ ಮಾತನ್ನೇ ಹೇಳಿದೆ: "ಸಂದಾಯ ಆಯ್ತು ಬಾಯಮ್ಮ. ಹರಕೆ ಸಂದಿತು. ಇನ್ನು ಬಾಕಿ ಇಲ್ಲ."

ಬಾಯಮ್ಮ ನನ್ನ ಕೈ ಹಿಡಿದರು. ಒಂದು ಕ್ಷಣ ನಂಬಿದರೋ ಏನೋ ಎಂದು ನನಗನ್ನಿಸಿತು.

"ನೀನು ಹೇಳಿದ್ರೆ ಆಗ್ತದಾ ಮಾರಾಯ್ತಿ?" ಎಂದರು. ಬೈದದ್ದಲ್ಲ. ಅಷ್ಟು ಮೆತ್ತಗಿನ ದನಿಯಲ್ಲಿ ಅವರು ನನ್ನ ಹತ್ತಿರ ಯಾವತ್ತೂ ಮಾತಾಡಿದ್ದಿಲ್ಲ.

ಫಾದರ್ ಆಶೀರ್ವಾದ ಮಾಡಿ ಹೋದರು. ಪೊರ್ಬು ಅವರನ್ನು ಬಿಡಲು ಕೆಳಗಿಳಿದರು. ಚಹಾ ಯಾರೂ ಕುಡಿಯಲಿಲ್ಲ. ಬಾಯಮ್ಮ ಗೋಡೆಯ ಕಡೆ ತಿರುಗಿ ಮಲಗಿ, "ಜೊವಿಟಾಳಿಗೆ ಒಂದು ಫೋನ್ ಮಾಡು. ನನ್ನದು ಎತ್ತುದಿಲ್ಲ ಅವಳು. ಮಗುವಿಗೆ ಜ್ವರ ಉಂಟಾ ಕೇಳು" ಎಂದರು.

ಮಾಡಿದೆ. ಡೀನಾ ಸೋಫಾದ ಮೇಲೆ ಹಾರುತ್ತಿದ್ದದ್ದು ನನಗೇ ಕೇಳಿಸಿತು.

"ಜ್ವರ ಇಲ್ಲ ಬಾಯಮ್ಮ. ಆಡ್ತಾ ಉಂಟು."

"ಇವತ್ತು ಇಲ್ಲ," ಎಂದರು ಗೋಡೆಯ ಕಡೆಯಿಂದ. "ನಾಳೆ ಪುನಃ ಕೇಳು."